ಮಗಳಿಗೆ ಹೇಳದೆ ಉಳಿಸಿದ್ದು

ಕಳೆದ ವರ್ಷ ಸಂಕ್ರಾಂತಿಯ ಮರುದಿನ, ಊರಿಂದ ಬಂದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಟುಕೊಂಡು ಕೂತಿದ್ದಾಗ ಮಗಳು ಹೇಳಿದಳು: “ಅವ್ವಾ, ನಾ ಸಿಸೇರಿಯನ್ನ ಮಾಡಿಸ್ಕೋಬೇಕಂತ ಮಾಡೀನಿ.”

ಆಗ ಅವಳಿಗೆ ಆರು ತಿಂಗಳು ತುಂಬಿತ್ತು.

“ಡಾಕ್ಟರು ಏನರ ತೊಂದ್ರಿ ಐತಿ ಅಂದಾರೇನು?” ಎಂದೆ.

“ಇಲ್ಲ. ಕೂಸು ಛಲೋ ಐತಿ, ನಾನೂ ಛಲೋ ಇದೀನಿ. ನಾನ ಕೇಳಾಕತ್ತೀನಿ.”

ನನ್ನ ಬಾಯಿಂದ ಬಂದ ಮಾತು ನನ್ನದಾಗಿರಲಿಲ್ಲ, ನಮ್ಮವ್ವನದು: “ಬ್ಯಾನಿ ತಿನ್ನದ ಹಡೆಯೋದು ಅಂದ್ರ ಅದೆಂಥಾ ಹಡೆಯೋದು?” ಮಗಳು ಉತ್ತರ ಕೊಡಲಿಲ್ಲ. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ಟಿ.ವಿ. ಕಡೆ ತಿರುಗಿದಳು. ಆ ತಿರುಗುವಿಕೆ ನನಗೆ ಗೊತ್ತು. ಚಿಕ್ಕಂದಿನಿಂದ, ನನ್ನ ಹತ್ತಿರ ಮಾತು ಮುಗಿಯಿತು ಎನ್ನಬೇಕಾದಾಗ ಅವಳು ಹಾಗೆಯೇ ತಿರುಗುತ್ತಾಳೆ.

ನಮ್ಮ ಕಡೆ, ಅಂದರೆ ರಾಯಚೂರು ಸೀಮೆಯಲ್ಲಿ, ತಾಯಿಯನ್ನು ಹಡೆದವ್ವ ಎನ್ನುತ್ತೇವೆ. ಸಾಕಿದವಳು, ಬೆಳೆಸಿದವಳು ಯಾರಾದರೂ ಆಗಬಹುದು, ಹಡೆದವಳು ಒಬ್ಬಳೇ. ಹೆರಿಗೆ ನೋವಿಗೆ ‘ಬ್ಯಾನಿ’ ಎಂಬ ಮಾತು, ಆ ಬ್ಯಾನಿಯನ್ನು ‘ತಿನ್ನಬೇಕು’. ಊಟದ ಹಾಗೆ ಅದೂ ಒಬ್ಬರದನ್ನು ಇನ್ನೊಬ್ಬರು ತಿನ್ನಲಾಗದ್ದು. ಈ ಮಾತುಗಳ ನಡುವೆ ಬೆಳೆದವಳಿಗೆ, ನೋವಿಲ್ಲದೆ ತಾಯಿಯಾಗುವುದು ಟಿಕೆಟ್ಟಿಲ್ಲದೆ ರೈಲು ಹತ್ತಿದ ಹಾಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಸಿಕಂದರಾಬಾದಿನಲ್ಲಿ ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷ ಕೂತವಳು ನಾನು, ಹೋಲಿಕೆಯೂ ಅಲ್ಲಿಂದಲೇ ಬರುತ್ತದೆ.

ಲೆಕ್ಕದವಳು ಮೊದಲು ಮಾಡುವುದು ಲೆಕ್ಕವನ್ನೇ. ಅಂಕಿ ಹುಡುಕಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 21.5 ಹೆರಿಗೆ ಸಿಸೇರಿಯನ್. ಕರ್ನಾಟಕದಲ್ಲಿ 31.5. ನಾವಿರುವ ತೆಲಂಗಾಣದಲ್ಲಿ 60.7, ದೇಶಕ್ಕೇ ಹೆಚ್ಚು. ತೆಲಂಗಾಣದ ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ 81.5. ಅದೇ ಸಮೀಕ್ಷೆಯಲ್ಲಿ ಬಿಹಾರದ್ದು 9.7. ಇದನ್ನೆಲ್ಲ ಒಂದು ಹಾಳೆಯ ಮೇಲೆ ಚೆಂದಾಗಿ ಬರೆದು ಮಗಳ ಮುಂದಿಟ್ಟೆ. ಹತ್ತರಲ್ಲಿ ಎಂಟು ಹೆಂಗಸರಿಗೆ ದೇವರು ಕೊಟ್ಟ ದಾರಿ ಮುಚ್ಚಿಹೋಗಿದೆಯೇ, ಇದು ವ್ಯಾಪಾರವಲ್ಲದೆ ಮತ್ತೇನು ಎಂದು ಕೇಳಿದೆ.

ಅವಳು ಹಾಳೆ ನೋಡಿದಳು. “ಅವ್ವಾ, ಇದು ಊರಿನ ಲೆಕ್ಕ. ನನ್ನ ಲೆಕ್ಕ ಇದರಾಗ ಎಲ್ಲೈತಿ?” ಎಂದಳು.

ಆಗ ಅದು ಉಡಾಫೆಯ ಮಾತು ಅನ್ನಿಸಿತು. ಆಮೇಲೆ ಗೊತ್ತಾಯಿತು, ವಿಶ್ವ ಆರೋಗ್ಯ ಸಂಸ್ಥೆಯೂ ಸುತ್ತಿ ಬಳಸಿ ಅದನ್ನೇ ಹೇಳಿದೆ ಎಂದು. 1985ರಲ್ಲಿ ಆ ಸಂಸ್ಥೆ ಯಾವ ಪ್ರದೇಶದಲ್ಲೂ ಸಿಸೇರಿಯನ್ ಪ್ರಮಾಣ ನೂರಕ್ಕೆ 10–15 ದಾಟಬೇಕಾದ ಕಾರಣವಿಲ್ಲ ಎಂದಿತ್ತು; ನಾವೆಲ್ಲ ಇಂದಿಗೂ ಬಾಯಿಪಾಠ ಹೇಳುವುದು ಅದನ್ನೇ. 2015ರಲ್ಲಿ ಮತ್ತೆ ಪರಿಶೀಲಿಸಿ, ಇಡೀ ಜನಸಮುದಾಯದ ಮಟ್ಟದಲ್ಲಿ ನೂರಕ್ಕೆ ಹತ್ತು ದಾಟಿದ ಮೇಲೆ ತಾಯಿ-ಮಗುವಿನ ಸಾವು ಕಡಿಮೆಯಾಗುವುದು ಕಂಡುಬಂದಿಲ್ಲ ಎಂದು ಹೇಳಿ, ಜೊತೆಗೇ ಇನ್ನೊಂದು ಮಾತು ಸೇರಿಸಿತು: ಇಂತಿಷ್ಟೇ ಪ್ರಮಾಣ ಎಂಬ ಗುರಿಯ ಬೆನ್ನು ಹತ್ತುವುದಕ್ಕಿಂತ, ಬೇಕಾದ ಪ್ರತಿ ಹೆಣ್ಣಿಗೂ ಅದು ಸಿಗುವಂತೆ ನೋಡಿಕೊಳ್ಳಬೇಕು. ಮೊದಲ ಅರ್ಧವನ್ನು ನಾವು ವಾಟ್ಸ್ಯಾಪಿನಲ್ಲಿ ಹಂಚುತ್ತೇವೆ, ಎರಡನೆಯ ಅರ್ಧವನ್ನು ಓದುವುದಿಲ್ಲ. ಬಿಹಾರದ 9.7 ನೋಡಿ ನಾನು ಮೆಚ್ಚಿಕೊಂಡಿದ್ದೆ. ಅದರೊಳಗೆ ಸಿಸೇರಿಯನ್ ಬೇಕಿದ್ದೂ ಸಿಗದೆ ಹೋದವರೂ ಇರುತ್ತಾರೆ ಎಂದು ನಾನು, ಲೆಕ್ಕದವಳು, ಯೋಚಿಸಿರಲಿಲ್ಲ.

ಫೆಬ್ರವರಿಯಲ್ಲಿ ಬೀಗತಿ ಬಂದರು. ಅವರು ನಾರಾಯಣಪೇಟೆಯವರು. ಮನೆಮಾತು ನಮ್ಮ ಹಾಗೇ ಕನ್ನಡ, ಪಂಚಾಂಗ ಮಾತ್ರ ತೆಲುಗಿನದು. ಸೊಸೆ ಸಿಸೇರಿಯನ್ ಬೇಕೆಂದದ್ದು ಕೇಳಿ ಅವರು ನನ್ನ ಹಾಗೆ ಬೆಚ್ಚಲಿಲ್ಲ. ಪಂಚಾಂಗ ತೆರೆದರು. “ಅಕ್ಕಾರ, ಹೆಂಗೂ ಆಪರೇಷನ್ನ ಆದಮ್ಯಾಲೆ ಯುಗಾದಿ ದಿನಾನ ಮಾಡಿಸಿಬಿಡೂಣು. ಸಾಡೆತೀನ ಮುಹೂರ್ತ. ಅದಕ್ಕಿಂತ ಛಲೋ ದಿನ ಎಲ್ಲಿ ಸಿಗತೈತಿ?” ಎಂದರು. ತೆಲಂಗಾಣದಲ್ಲಿ ಇದು ಹೊಸತೇನಲ್ಲ. ಮುಹೂರ್ತ ನೋಡಿ ಕೂಸು ತೆಗೆಸುವ ರೂಢಿಯ ಬಗ್ಗೆ ಇಲ್ಲಿನ ಸರ್ಕಾರವೇ ತಲೆ ಕೆಡಿಸಿಕೊಂಡಿದೆ.

ಬೀಗತಿಯನ್ನು ಕರೆದುಕೊಂಡೇ ಮಗಳನ್ನು ಆಸ್ಪತ್ರೆಗೆ ಒಯ್ದೆವು. ದೊಡ್ಡ ಆಸ್ಪತ್ರೆ, ಹೆಸರು ಬೇಡ. ಡಾಕ್ಟರು ಆರು ನಿಮಿಷ ಮಾತಾಡಿದರು. ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು. ಸಿಸೇರಿಯನ್ ಬೇಕೆಂದಾಗ ಯಾಕೆ ಎಂದು ಅವರು ಕೇಳಲಿಲ್ಲ. ಯಾವತ್ತು ಎಂದು ಕೇಳಿದರು. ಯುಗಾದಿಗೆ 38 ವಾರ ಮೂರು ದಿನ ಆಗುತ್ತದೆ, ಪರವಾಗಿಲ್ಲ, ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುತ್ತೇನೆ ಎಂದರು. ಹೊರಗೆ ಬಂದರೆ ಕೌಂಟರಿನ ಹುಡುಗಿ ಪ್ಯಾಕೇಜಿನ ಹಾಳೆ ಕೈಗಿಟ್ಟಳು.

ಕಾರಿನಲ್ಲಿ ಹಿಂದೆ ಕೂತು ನಾನು ಒಂದು ವಿಚಿತ್ರ ನೋಡಿದೆ. ಬೀಗತಿಗೆ ಸಂತೋಷ, ಮುಹೂರ್ತ ಸಿಕ್ಕಿತು. ಆಸ್ಪತ್ರೆಗೆ ಸಂತೋಷ, ದಿನ ಗೊತ್ತಾಯಿತು. ಅಳಿಯನಿಗೆ ಸಂತೋಷ, ರಜೆ ಹಾಕಲು ಅನುಕೂಲ. ಮಗಳು ಬೇಡಿದ್ದು ಮಗಳಿಗೆ ಸಿಕ್ಕಿತ್ತು, ಆದರೆ ಅವಳ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ಎಲ್ಲರೂ ಹೂಂ ಅಂದಿದ್ದರು. ಯಾರೂ ಅವಳಿಗೆ ಹೂಂ ಅಂದಿರಲಿಲ್ಲ. ಬೇಡ ಅಂದವಳು ನಾನೊಬ್ಬಳೇ, ಮತ್ತು ನಾನು ಬೇಡ ಅಂದದ್ದೂ ಅವಳಿಗಲ್ಲ, ಒಂದು ವಾಡಿಕೆಗೆ.

ಆ ರಾತ್ರಿ ಮೊದಲ ಸಲ ಕೇಳಿದೆ: “ಯಾಕ?”

ಮೊದಲು ಅವಳು ಗೆಳತಿಯೊಬ್ಬಳ ಕಥೆ ಹೇಳಿದಳು. ಹದಿನಾಲ್ಕು ತಾಸು ಲೇಬರ್ ರೂಮಿನಲ್ಲಿ, ಒಳಗೆ ಯಾರನ್ನೂ ಬಿಡದೆ, ಕೂಗಿದರೆ ತೊಡೆಗೆ ಏಟು ಹಾಕುತ್ತ, ಬಾಯಲ್ಲಿ ಹೇಳಬಾರದ ಮಾತು ಆಡುತ್ತ. ಹೆರುವ ಹೆಂಗಸಿಗೆ ಆಡುವ ಆ ಮಾತು ಎಲ್ಲ ಭಾಷೆಯಲ್ಲೂ ಒಂದೇ. ಓದುತ್ತಿರುವ ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. “ನನಗ ನೋವಿನ ಅಂಜಿಕಿ ಅಲ್ಲವ್ವಾ, ಆ ಖೋಲಿದು ಅಂಜಿಕಿ,” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಮುಖ ನೋಡದೆ ಕೇಳಿದಳು: “ನೀ ನಕ್ಕಾಗ ಯಾಕ ಬಚ್ಚಲಕ್ಕ ಓಡ್ತಿ? ಬಸ್ಸಿನ್ಯಾಗ ಊರಿಗಿ ಹೋಗೂದಂದ್ರ ಮುಂಜಾನಿಂದ ನೀರ ಯಾಕ ಕುಡಿಯೂದಿಲ್ಲ?”

ನಾನು ಅಡುಗೆಮನೆಯ ದೀಪ ಆರಿಸಬೇಕು ಎಂದು ಎದ್ದುಹೋದೆ.

ಅವಳು ಹುಟ್ಟಿದ್ದು 1992ರಲ್ಲಿ, ತವರಿನಲ್ಲಿ. ಚೊಚ್ಚಿಲ ಹೆರಿಗೆ. ಹತ್ತೊಂಬತ್ತು ತಾಸು ಬ್ಯಾನಿ. ಕೂಸು ದಪ್ಪ. ಕೊನೆಗೆ ಒಬ್ಬಾಕೆ ಹೊಟ್ಟೆಯ ಮೇಲೆ ಮೊಣಕೈ ಊರಿ ಒತ್ತಿದಳು, ಡಾಕ್ಟರು ಇಕ್ಕಳ ಹಾಕಿ ಎಳೆದರು. ಹಿಂದಿನವರೆಗೂ ಹರಿಯಿತು. ಹೊಲಿಗೆ ಹಾಕುವಾಗ ಮರಗಟ್ಟಿಸುವ ಸೂಜಿ ಕೊಟ್ಟಿದ್ದರೋ ಇಲ್ಲವೋ, ನನಗೆ ಪ್ರತಿ ಚುಚ್ಚೂ ನೆನಪಿದೆ. ಬಾಣಂತನದ ಮೂರು ತಿಂಗಳು ಕೂತುಕೊಳ್ಳಲಾಗಲಿಲ್ಲ. ಆಮೇಲೆ ಸೀನಿದರೆ, ನಕ್ಕರೆ, ಕೊಡ ಎತ್ತಿದರೆ ಜಾರುವ ಮೂತ್ರ. ಮೂವತ್ತೆರಡು ವರ್ಷ ಒಳಗೆ ಬಟ್ಟೆ ಇಟ್ಟುಕೊಂಡು ಆಫೀಸಿಗೆ ಹೋದೆ. ಗಂಡನಿಗೆ ಅರ್ಧ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಎರಡನೆಯ ಮಗು ಯಾಕೆ ಬೇಡ ಎಂದು ಅತ್ತೆ ಕೇಳಿದಾಗ ಹಣಕಾಸಿನ ನೆಪ ಹೇಳಿದ್ದೆ. ಮಗಳು ದೊಡ್ಡವಳಾಗಿ, ನಾ ಹೆಂಗ ಹುಟ್ಟಿದೆ ಎಂದು ಕೇಳಿದಾಗೆಲ್ಲ ಒಂದೇ ಉತ್ತರ: “ನಾರ್ಮಲ್. ಹೂವು ಎತ್ತಿದಂಗ ಆತು.”

ಯಾಕೆ ಹಾಗೆ ಹೇಳಿದೆ? ನಾಚಿಕೆ ಒಂದು. ಆದರೆ ನಾಚಿಕೆಯ ಹಿಂದೆ ಇನ್ನೊಂದು ಇತ್ತು: ನಿಜ ಹೇಳಿದರೆ ಹುಡುಗಿ ಹೆದರಿಯಾಳು, ಹೆದರಿದವಳು ಆಪರೇಷನ್ ಬೇಡಿಯಾಳು. ಇದನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂತೆ ಮಾಡಿದ್ದು ಒಂದು ಕೋರ್ಟಿನ ತೀರ್ಪು.

ನಮ್ಮ ಕನ್ನಡ ಓದುಬಳಗದಲ್ಲಿ ಒಬ್ಬ ವಕೀಲೆ ಇದ್ದಾಳೆ. ತಿಂಗಳ ಕೊನೆಯ ಭಾನುವಾರ ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ಪುಸ್ತಕದ ಮಾತು ಅರ್ಧ, ಮನೆಯ ಮಾತು ಅರ್ಧ. ಮಗಳ ವಿಷಯ ಅವಳಿಗೆ ಹೇಳಿ, ಇದು ಸರಿಯೇನು ಎಂದು ಕೇಳಿದೆ. ಅವಳು ಸರಿ-ತಪ್ಪು ಹೇಳದೆ ಸ್ಕಾಟ್ಲೆಂಡಿನ ನಡೀನ್ ಮಾಂಟ್ಗೊಮರಿ ಎಂಬ ಹೆಂಗಸಿನ ಕಥೆ ಹೇಳಿದಳು. ಆಕೆ ಸಕ್ಕರೆ ಕಾಯಿಲೆಯವಳು, ಗಿಡ್ಡ ಮೈಕಟ್ಟು. ಅಂಥವರ ಕೂಸು ದಪ್ಪವಿರುತ್ತದೆ, ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ಅಪಾಯ ನೂರಕ್ಕೆ ಒಂಬತ್ತು-ಹತ್ತು. ಆಕೆ ತನ್ನ ಭಯವನ್ನು ಮತ್ತೆ ಮತ್ತೆ ಹೇಳಿಕೊಂಡಿದ್ದರೂ ಡಾಕ್ಟರು ಈ ಅಪಾಯವನ್ನು ಹೇಳಲಿಲ್ಲ. 1999ರ ಅಕ್ಟೋಬರಿನಲ್ಲಿ ಹೆರಿಗೆಯಾಯಿತು. ಭುಜ ಸಿಕ್ಕಿಕೊಂಡಿತು. ತಲೆ ಕಂಡ ಮೇಲೆ ಕೂಸು ಪೂರ್ತಿ ಹೊರಬರಲು ಹನ್ನೆರಡು ನಿಮಿಷ ಹಿಡಿಯಿತು. ಅಷ್ಟರಲ್ಲಿ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾಗಿತ್ತು.

ಯಾಕೆ ಹೇಳಲಿಲ್ಲ ಎಂದರೆ ಡಾಕ್ಟರು ಕೊಟ್ಟ ಕಾರಣ ಕೇಳಿ. ಕೂಸಿಗೆ ದೊಡ್ಡ ಕೇಡಾಗುವ ಸಂಭವ ಕಡಿಮೆ. ಇದನ್ನೆಲ್ಲ ಹೇಳುತ್ತ ಹೋದರೆ ಎಲ್ಲರೂ ಸಿಸೇರಿಯನ್ನೇ ಕೇಳುತ್ತಾರೆ, ಅದು ತಾಯಂದಿರಿಗೆ ಒಳ್ಳೆಯದಲ್ಲ. ಕೆಟ್ಟ ಮನಸ್ಸಿನ ಮಾತಲ್ಲ ಇದು. ಹಿತ ಬಯಸುವವರ ಮಾತು. ಕೆಳಗಿನ ಕೋರ್ಟುಗಳು ಡಾಕ್ಟರ ಪರ ನಿಂತವು. 2015ರ ಮಾರ್ಚಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರೂ ಒಂದೇ ದನಿಯಲ್ಲಿ ಅದನ್ನು ತಳ್ಳಿಹಾಕಿದರು. ಯಾವ ಅಪಾಯ ತನಗೆ ಮುಖ್ಯ ಎನ್ನುವುದನ್ನು ತೂಗಿ ನೋಡಬೇಕಾದವಳು ಆ ಹೆಂಗಸು. ಅವಳು ಏನು ಆರಿಸಿಯಾಳು ಎಂಬ ಅಂಜಿಕೆಯಿಂದ ವಿಷಯವನ್ನೇ ಮುಚ್ಚಿಡುವ ಅಧಿಕಾರ ವೈದ್ಯರಿಗಿಲ್ಲ ಎಂಬುದು ತೀರ್ಪಿನ ತಿರುಳು. 52 ಲಕ್ಷ 50 ಸಾವಿರ ಪೌಂಡು ಪರಿಹಾರ. ಹುಡುಗನಿಗೆ ಆಗ ಹದಿನೈದು ವರ್ಷ ದಾಟಿತ್ತು.

ಅಂದು ಬಸ್ಸಿನಲ್ಲಿ ಮನೆಗೆ ಬರುವಾಗ ಆ ಡಾಕ್ಟರನ್ನು ಮನಸ್ಸಿನಲ್ಲೇ ಬಯ್ಯುತ್ತ ಬಂದೆ. ತಾರ್ನಾಕ ದಾಟುವಾಗ ಹೊಳೆಯಿತು: ನಾನು ಮಾಡಿದ್ದೂ ಇದನ್ನೇ. ಕಾರಣವೂ ಅದೇ, ಮಾತೂ ಬಹುಶಃ ಅದೇ. ಹೇಳಿದರೆ ಅವಳು ಸಿಸೇರಿಯನ್ ಕೇಳಿಯಾಳು. ಆ ಡಾಕ್ಟರಿಗೆ ಗೊತ್ತಿದ್ದದ್ದು ನೂರಕ್ಕೆ ಇಷ್ಟು ಎಂಬ ಅಂಕಿ. ನನಗೆ ಗೊತ್ತಿದ್ದದ್ದು ನನ್ನದೇ ಮೈ, ಮತ್ತು ಆ ಮೈಯ ವಿಷಯ ತಿಳಿಯುವ ಹಕ್ಕು ಈ ಲೋಕದಲ್ಲಿ ಯಾರಿಗಾದರೂ ಇದ್ದರೆ ಅದು ಆ ಮೈಯಿಂದಲೇ ಬಂದವಳಿಗೆ.

ನಮ್ಮ ದೇಶದ ಕಾನೂನು ಎಲ್ಲಿದೆ ಎಂದೂ ಆ ವಕೀಲೆಯನ್ನು ಕೇಳಿದ್ದೆ. 2008ರ ಸಮೀರಾ ಕೊಹ್ಲಿ ಪ್ರಕರಣ ಹೇಳಿದಳು. ತಪಾಸಣೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದ ನಲವತ್ತರ ಆಸುಪಾಸಿನ ಅವಿವಾಹಿತೆಯ ಗರ್ಭಕೋಶ, ಅಂಡಾಶಯಗಳನ್ನು, ಹೊರಗೆ ಕೂತಿದ್ದ ಅವಳ ತಾಯಿಯ ಒಪ್ಪಿಗೆ ಪಡೆದು ತೆಗೆದುಬಿಟ್ಟಿದ್ದರು. ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆಯಲ್ಲ ಎಂದು ನಮ್ಮ ಸುಪ್ರೀಂ ಕೋರ್ಟು ಹೇಳಿತು. ಆದರೆ ಎಷ್ಟು ಹೇಳಬೇಕು ಎಂಬ ವಿಷಯದಲ್ಲಿ ಅದು ಮಾಂಟ್ಗೊಮರಿ ತೀರ್ಪಿನಷ್ಟು ದೂರ ಹೋಗಲಿಲ್ಲ. ವೈದ್ಯರ ವಾಡಿಕೆಗೆ ಜಾಗ ಉಳಿಸಿತು. ತಾಯಂದಿರು ಮಗಳ ಮೈಗೆ ರುಜು ಹಾಕುವ ಈ ಕಥೆ ನನಗೆ ಇನ್ನೂ ಹತ್ತಿರದ್ದು ಅನ್ನಿಸಿತು.

ಹಾಗಾದರೆ ನೋವಿಗೆ ಬೆಲೆಯೇ ಇಲ್ಲವೇ? ಇದು ನನ್ನನ್ನು ಬಿಡದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವಾಗ ನೆನಪಾಗುವುದು ನನ್ನ ತಮ್ಮ. ಅವನು ಪ್ರತಿ ವರ್ಷ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುತ್ತಾನೆ. ನಮ್ಮ ಕಡೆಯ ಸಾವಿರಾರು ಜನ ಹಾಗೆ ಹೋಗುತ್ತಾರೆ. ಬಿಸಿಲು, ನಲ್ಲಮಲದ ಕಾಡು, ಅಂಗಾಲು ತುಂಬ ಬೊಬ್ಬೆ. ಆ ನೋವಿಗೆ ಅರ್ಥವಿಲ್ಲ ಎಂದು ಅವನ ಮುಂದೆ ಹೇಳಿ ನೋಡಿ! ಬೊಬ್ಬೆಯೊಡೆದ ಕಾಲನ್ನು ಪದಕ ತೋರಿಸುವ ಹಾಗೆ ತೋರಿಸುತ್ತಾನೆ. ನಾನು ಬಸ್ಸಿನಲ್ಲಿ ಹೋಗಿ ಅದೇ ಮಲ್ಲಯ್ಯನನ್ನು ನೋಡಿಬಂದಿದ್ದೇನೆ. ನಿನಗಾದದ್ದು ದರ್ಶನವಲ್ಲ ಎಂದು ತಮ್ಮ ಒಂದು ದಿನವೂ ಅಂದಿಲ್ಲ. ಅವನ ನೋವಿಗೆ ಅರ್ಥ ಬಂದದ್ದು ಅವನೇ ಹೊತ್ತುಕೊಂಡದ್ದರಿಂದ. ಬಸ್ಸಿನಲ್ಲಿದ್ದವರನ್ನು ಕೆಳಗಿಳಿಸಿ ನಡೆಸಿದ್ದರೆ ಬೊಬ್ಬೆ ಅಷ್ಟೇ ಬರುತ್ತಿತ್ತು, ಯಾತ್ರೆ ಆಗುತ್ತಿರಲಿಲ್ಲ.

ಹೆರಿಗೆಯನ್ನು ಹಾಗೇ ಹೊತ್ತುಕೊಂಡವರನ್ನು ನಾನು ಬಲ್ಲೆ. ನನ್ನ ತಂಗಿ ಇಬ್ಬರನ್ನು ಹೆತ್ತಳು. ಆ ರಾತ್ರಿಗಳ ಬಗ್ಗೆ ಮಾತಾಡುವಾಗ ಅವಳ ಕಣ್ಣಲ್ಲಿ ಬರುವ ಬೆಳಕು ನಾಟಕವಲ್ಲ. ಅವಳಿಂದ ಅದನ್ನು ಕಸಿದು, ನೋವೆಲ್ಲ ಮೂಢನಂಬಿಕೆ, ಹೊಟ್ಟೆ ಕೊಯ್ಯುವುದೇ ಆಧುನಿಕ ಎನ್ನುವ ಆಸ್ಪತ್ರೆಯೂ ಅನ್ಯಾಯವನ್ನೇ ಮಾಡುತ್ತದೆ. ಇದೇ ಊರಿನಲ್ಲಿ ಸಹಜ ಹೆರಿಗೆ ಬೇಕೆಂದು ಗೋಗರೆದರೂ, ನೀರು ಕಡಿಮೆ, ಹೊಕ್ಕುಳಬಳ್ಳಿ ಸುತ್ತಿದೆ ಎಂದು ಕೊನೇ ವಾರ ಹೆದರಿಸಿ ಟೇಬಲ್ಲಿಗೆ ಒಯ್ದ ಎಷ್ಟು ಕಥೆ ಕೇಳಿಲ್ಲ ನಾವು.

ಆದರೆ ಪಾದಯಾತ್ರೆಯಲ್ಲಿ ಇನ್ನೊಂದಿದೆ, ತಮ್ಮ ಹೇಳಿದ ಮೇಲೇ ನನಗೆ ತಲೆಗೆ ಹೋದದ್ದು. ದಾರಿಯುದ್ದಕ್ಕೂ ಪೆಂಡಾಲು. ಮಜ್ಜಿಗೆ, ಅನ್ನ, ನೆರಳು. ಗುರುತಿಲ್ಲದವರು ಕೂರಿಸಿ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ನೋವು ನಡೆಯುವವನದು, ದಾರಿ ಎಲ್ಲರದು. ನಮ್ಮ ಹೆರಿಗೆ ಕೋಣೆಗಳ ದಾರಿಯಲ್ಲಿ ಒಂದು ಪೆಂಡಾಲಾದರೂ ಇದೆಯೇ? ಕೈ ಹಿಡಿಯಲು ಒಬ್ಬರು, ಪರದೆ, ನೋವು ತಾಳದಾದಾಗ ಬೆನ್ನಿಗೆ ಕೊಡುವ ಎಪಿಡ್ಯೂರಲ್? 2017ರ ಕೊನೆಗೆ ಕೇಂದ್ರ ಸರ್ಕಾರ ಲಕ್ಷ್ಯ ಎಂಬ ಯೋಜನೆ ತಂದು ಲೇಬರ್ ರೂಮುಗಳನ್ನು ಸರಿಪಡಿಸುವ, ಹೆರುವವಳ ಜೊತೆ ತನ್ನವರೊಬ್ಬರನ್ನು ಬಿಡುವ ಮಾತಾಡಿತು. 2018ರಲ್ಲಿ ಸೂಲಗಿತ್ತಿ ದಾದಿಯರನ್ನು ತರಬೇತುಗೊಳಿಸುವ ಮಾರ್ಗಸೂಚಿ ಬಂತು. ಒಳ್ಳೆಯದೇ. ಮಗಳ ಗೆಳತಿ ಏಟು ತಿಂದದ್ದು ಅದರ ಆಮೇಲೆ.

ಈ ದಾರಿಯನ್ನು ಹೀಗಿಟ್ಟು, ನಡೆಯಲಾರೆ ಎಂದವಳನ್ನು ಹೇಡಿ ಎನ್ನುವುದು ಸುಲಭ. ಅವಳ ಆಯ್ಕೆ ಪೂರ್ತಿ ಸ್ವತಂತ್ರವಲ್ಲ ಎಂಬುದೂ ನಿಜವೇ. ಒಂದು ಬಾಗಿಲಿಗೆ ಮುಳ್ಳು ಬಡಿದಿಟ್ಟಾಗ ಇನ್ನೊಂದರಲ್ಲಿ ಹೋದವಳು ಅದನ್ನು ಇಷ್ಟಪಟ್ಟು ಆರಿಸಿದಳು ಎನ್ನಲಾಗದು. ಆದರೆ ಅವಳ ಆಯ್ಕೆ ಅಷ್ಟು ಶುದ್ಧವಲ್ಲ ಎಂಬ ಕಾರಣಕ್ಕೆ ಅದನ್ನೂ ತಡೆದರೆ ಮುಳ್ಳಿನ ಬಾಗಿಲು ಸರಿಹೋಗುತ್ತದೆಯೇ? ಬ್ರಿಟನ್ನಿನಲ್ಲಿ ಇದರ ಇನ್ನೊಂದು ಮುಖ ಕಂಡಿತು. ಶ್ರೂಸ್‌ಬರಿ ಮತ್ತು ಟೆಲ್ಫರ್ಡ್ ಆಸ್ಪತ್ರೆಗಳ ಬಗ್ಗೆ 2022ರಲ್ಲಿ ಬಂದ ಆಕೆಂಡೆನ್ ವರದಿ, ಸಿಸೇರಿಯನ್ ಪ್ರಮಾಣ ಕಡಿಮೆ ಇದೆ ಎಂಬ ಹೆಮ್ಮೆಯ ನೆರಳಲ್ಲಿ, ಬೇಕಾದವರಿಗೂ ಅದು ತಡವಾಗಿ ಕೂಸು-ತಾಯಂದಿರು ಕೇಡು ಅನುಭವಿಸಿದ್ದನ್ನು ದಾಖಲಿಸಿದೆ. ಕಡಿಮೆ ಅಂಕಿಯೂ ಒಂದು ಮುಹೂರ್ತವಾಗಬಲ್ಲದು.

ನಮ್ಮ ಬಳಗದಲ್ಲಿ ಈ ವಿಷಯ ಬಂದಾಗ ಹಿರಿಯರೊಬ್ಬರು ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರು ಎತ್ತಿದರು. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೆಸರಾದವರು, 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡರು. ಅವರಿಗೆ ಬೇಕಾಗಿತ್ತೇ ಈ ಆಪರೇಷನ್ನು ಎಂದು ಹಿರಿಯರ ಪ್ರಶ್ನೆ. ನರಸಮ್ಮನವರ ಬಗ್ಗೆ ನನಗೆ ಗೌರವವಿದೆ, ಮತ್ತು ಆ ಗೌರವಕ್ಕೆ ಕಾರಣ ಅವರ ಕೈ ಮಾತ್ರವಲ್ಲ, ರಾತ್ರಿ ಹಗಲು ಎನ್ನದೆ ಬಸುರಿಯ ಪಕ್ಕ ಕೂರುತ್ತಿದ್ದುದು. ನಾವು ಕಳೆದುಕೊಂಡದ್ದು ಆ ಕೂರುವಿಕೆಯನ್ನು. ಹಳೆಯ ಕಾಲದ ಮಿಕ್ಕದ್ದನ್ನು ಹೊಗಳುವಾಗ ಸ್ವಲ್ಪ ತಡೆಯಬೇಕು: ನಮ್ಮ ಅಜ್ಜಿ ತನ್ನ ಓರಗೆಯ ಹೆಂಗಸರ ಹೆಸರು ಹೇಳುವಾಗ ಬೆರಳು ಮಡಚುತ್ತ ‘ಬಾಣಂತಿಯಾಗಿ ಹೋದಳು’ ಎಂದು ಎಷ್ಟು ಸಲ ಹೇಳುತ್ತಿದ್ದಳು!

ಮಾರ್ಚಿಯ ಒಂದು ರಾತ್ರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ. ಇಕ್ಕಳ, ಮೊಣಕೈ, ಹೊಲಿಗೆ, ಬಟ್ಟೆ. ನಡುವೆ ಎರಡು ಸಲ ಮಾತು ನಿಂತಿತು. ಅವಳು ಅಳಲಿಲ್ಲ. ಸಿಟ್ಟಾದಳು. “ಹೂವು ಎತ್ತಿದಂಗ ಆತು ಅಂತ ಹೇಳ್ತಿದ್ದೆಲ್ಲ ಅವ್ವಾ! ನನಗ ಹಿಂಗಾದ್ರ ನನ್ನ ಮೈಯ್ಯಾಗ ಏನೋ ಕೊರತಿ ಐತಿ ಅನ್ಕೋತಿದ್ದೆ,” ಎಂದಳು. ಇದನ್ನು ನಾನು ಎಣಿಸಿರಲಿಲ್ಲ. ಸುಳ್ಳು ಅವಳಿಗೆ ಧೈರ್ಯ ಕೊಡುತ್ತದೆ ಎಂದುಕೊಂಡಿದ್ದೆ. ಅದು ಕೊಟ್ಟದ್ದು ಒಂಟಿತನ.

ಹೇಳುವುದಾದರೆ ಪೂರ್ತಿ ಹೇಳಬೇಕಲ್ಲ. ಇನ್ನೊಬ್ಬ ಡಾಕ್ಟರನ್ನು ಹುಡುಕಿದೆವು. ಆಕೆ ನಲವತ್ತು ನಿಮಿಷ ಕೊಟ್ಟರು, ಮೊದಲು ಕೇಳಿದ್ದು ‘ಯಾಕೆ’ ಎಂದು. ಹಾಳೆಯ ಮೇಲೆ ಚಿತ್ರ ಬಿಡಿಸಿ ಎರಡೂ ಕಡೆಯದನ್ನು ವಿವರಿಸಿದರು. ನನಗಾದಂಥ ಹರಿತ, ಬ್ರಿಟನ್ನಿನ ಲೆಕ್ಕದಲ್ಲಿ, ಮೊದಲ ಸಲ ಹೆರುವ ನೂರು ಜನರಲ್ಲಿ ಸುಮಾರು ಆರು ಮಂದಿಗೆ. ಸರಿಯಾಗಿ ಗುರುತಿಸಿ ಹೊಲಿದರೆ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಸಿಸೇರಿಯನ್ನಿನಿಂದ ಆ ತೊಂದರೆ ತಪ್ಪುತ್ತದೆ. ಮೂತ್ರ ಜಾರುವ ಸಂಭವವೂ ಕಡಿಮೆ, ಆದರೆ ಬಸಿರೇ ಆ ಸ್ನಾಯುಗಳನ್ನು ಸಡಿಲ ಮಾಡುವುದರಿಂದ ಪೂರ್ತಿ ಖಾತ್ರಿಯಿಲ್ಲ. ಇನ್ನು ಕೊಯ್ದ ಹೊಟ್ಟೆಯ ಲೆಕ್ಕ: ಸೋಂಕು, ರಕ್ತ ಹೆಪ್ಪುಗಟ್ಟುವುದು, ನಿಧಾನದ ಚೇತರಿಕೆ. ಮುಂದಿನ ಬಸಿರಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಅಪಾಯ, ಪ್ರತಿ ಆಪರೇಷನ್ನಿಗೂ ಅದು ಏರುತ್ತ ಹೋಗುತ್ತದೆ. ಎಷ್ಟು ಮಕ್ಕಳು ಬೇಕು ಎಂದುಕೊಂಡಿದ್ದೀರಿ ಎಂದು ಕೇಳಿದರು; ಒಂದು, ಹೆಚ್ಚೆಂದರೆ ಎರಡು ಎಂದಳು ಮಗಳು. 39 ವಾರ ತುಂಬುವ ಮುಂಚೆ, ಕಾರಣವಿಲ್ಲದೆ ಕೂಸನ್ನು ಹೊರತೆಗೆದರೆ ಉಸಿರಾಟದ ತೊಂದರೆ ಹೆಚ್ಚು, ಹಾಗಾಗಿ ಯುಗಾದಿಗೆ ನಾನು ಮಾಡುವುದಿಲ್ಲ ಎಂದರು. ಬೀಗತಿಯ ಮುಖ ಬಾಡಿತು. ಸಹಜ ಹೆರಿಗೆಯಾದರೆ ತಾಯಿಯೋ ಗಂಡನೋ ಪೂರ್ತಿ ಹೊತ್ತು ಜೊತೆಗಿರಬಹುದು, ಎಪಿಡ್ಯೂರಲ್ ಇದೆ, ಯಾರೂ ಕೈ ಎತ್ತುವುದಿಲ್ಲ ಎಂದೂ ಹೇಳಿದರು. ಹದಿನೈದು ದಿನ ಯೋಚಿಸಿ ಬನ್ನಿ ಎಂದು ಕಳಿಸಿದರು.

ಆ ಹದಿನೈದು ದಿನ ನಾನು ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಇಷ್ಟು ಒಳ್ಳೆಯ ಕೋಣೆ ಸಿಕ್ಕ ಮೇಲೆ ಮನಸ್ಸು ಬದಲಿಸಿಯಾಳು ಎಂದು ಒಳಗೊಳಗೇ ಕಾಯುತ್ತಿದ್ದೆ. ಅವಳು ಬದಲಿಸಲಿಲ್ಲ. “ಎರಡೂ ತಿಳಕೊಂಡೀನಿ ಅವ್ವಾ. ನನಗ ಇದ ಬೇಕು,” ಎಂದಳು. ಹೂಂ ಎಂದೆ. ಯುಗಾದಿಯಾಗಿ ಆರನೇ ದಿನ, ಸೋಮವಾರ ಮುಂಜಾನೆ ಎಂಟೂ ಹತ್ತಕ್ಕೆ ಮೊಮ್ಮಗಳು ಹುಟ್ಟಿದಳು. ಥಿಯೇಟರ್ ಖಾಲಿಯಿದ್ದದ್ದು ಆಗಲೇ. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ ಎಂದು ಬೀಗತಿ ಒಂದು ಸಲ ಅಂದರು, ಕೂಸನ್ನು ಕೈಗೆ ಕೊಟ್ಟ ಮೇಲೆ ಮತ್ತೆ ಅನ್ನಲಿಲ್ಲ.

ಒಪ್ಪಿಗೆಯ ಕಾಗದವನ್ನು ಹಿಂದಿನ ದಿನ ತಂದ ಹುಡುಗ ನೇರ ಅಳಿಯನ ಕೈಗಿಟ್ಟಿದ್ದ, ಇಷ್ಟೆಲ್ಲ ಆದ ಮೇಲೂ. ಅಳಿಯ ಅದನ್ನು ಮಗಳಿಗೆ ದಾಟಿಸಿದ. ಅವಳು ನಾಲ್ಕೂ ಪುಟ ಓದಿದಳು. ಹುಡುಗ ಕಾಲು ಬದಲಿಸುತ್ತ ನಿಂತಿದ್ದ.

ಎಲ್ಲ ಹಗುರವಾಯಿತು ಎಂದು ಬರೆಯಲಾರೆ. ಮೂರನೆಯ ದಿನ ಹಾಸಿಗೆಯಿಂದ ಏಳಲು ಅವಳು ಹಲ್ಲು ಕಚ್ಚುವಾಗ, ಕೆಮ್ಮು ಬಂದಾಗ ದಿಂಬು ಹೊಟ್ಟೆಗೊತ್ತಿಕೊಳ್ಳುವಾಗ, ಯಾವ ನೋವೂ ತಪ್ಪಿಲ್ಲವಲ್ಲ ಎಂದುಕೊಂಡೆ. ಕೂಸಿಗೆ ನೀರು ಹಾಕುವಾಗ ಒಂದೆರಡು ಸಲ, ಇವಳನ್ನು ಅವಳು ಹಡೆದಿದ್ದರೆ ಎಂಬ ಮಾತು ನಾಲಿಗೆಯ ತುದಿಗೆ ಬಂದು, ನುಂಗಿಕೊಂಡೆ. ಹಡೆದೇ ಇದ್ದಾಳೆ. ಗೊತ್ತಿದೆ. ಆದರೂ ಬಂತು.

ಬಾಣಂತನ ಮುಗಿದ ಮೇಲೆ ಮಗಳು ನನ್ನನ್ನು ಒಂದು ಕ್ಲಿನಿಕ್ಕಿಗೆ ಕರೆದೊಯ್ದಳು. ಕೆಳಹೊಟ್ಟೆಯ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಡುತ್ತಾರಂತೆ, ಅರವತ್ತಾದರೂ ತಡವಲ್ಲವಂತೆ. ಹೊರಗಿನ ಬೆಂಚಿನ ಮೇಲೆ ನನ್ನ ಓರಗೆಯ ಮೂವರು ಹೆಂಗಸರು ಕೂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ತುಂಬಿಸಲು ಒಂದು ಫಾರ್ಮು ಕೊಟ್ಟರು. ಎಷ್ಟು ಹೆರಿಗೆ, ಯಾವ ರೀತಿ ಎಂಬ ಕಡೆ ಕೈ ತಾನಾಗಿ ‘1, ನಾರ್ಮಲ್’ ಎಂದು ಬರೆಯಿತು. ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು, ಏನೂ ಅನ್ನಲಿಲ್ಲ. ನಾನು ಒಂದು ಗೀಟು ಎಳೆದು, ಅದರ ಪಕ್ಕ ಇದ್ದಷ್ಟು ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲ ಬರೆದೆ. ಜಾಗ ಸಾಲದೆ ಅಂಚಿಗೂ ಹೋಯಿತು.